ತುಟಿಯ ಫಿಲ್ಲರ್ ಕರಗಿಸಬಹುದೇ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 27 ವರ್ಷ. ಅಕ್ಕನ ಮದುವೆಗೆಂದು ವಿಜಯಪುರದ ಒಂದು ಬ್ಯೂಟಿ ಪಾರ್ಲರಿನಲ್ಲಿ ತುಟಿಗೆ ಫಿಲ್ಲರ್ (ತುಟಿ ತುಂಬಿಕೊಂಡು ಕಾಣಲೆಂದು ಚುಚ್ಚುವ ಜೆಲ್) ಹಾಕಿಸಿಕೊಂಡೆ. ಎರಡು ತಿಂಗಳಾಯಿತು. ಮೇಲ್ತುಟಿಯ ಎಡಗಡೆ ಕಡಲೆಕಾಳಿನಷ್ಟು ಗಂಟಿದೆ. ನೋವಿಲ್ಲ, ಆದರೆ ನಕ್ಕಾಗ ಎದ್ದು ಕಾಣುತ್ತದೆ. ಇಂಜೆಕ್ಷನ್ ಕೊಟ್ಟು ಕರಗಿಸುತ್ತೇವೆ ಎಂದು ಪಾರ್ಲರಿನವರೇ ಹೇಳುತ್ತಿದ್ದಾರೆ. ಮಾಡಿಸಲೇ? ಮೊದಲಿದ್ದ ತುಟಿಯೂ ಕೆಡುತ್ತದೆ ಅಂತ ಹೆದರಿಕೆ.
– ಓದುಗರು, ಇಂಡಿ

ಉತ್ತರ: ಹೆದರಬೇಡಿ ತಂಗಿ. ಕರಗಿಸುವ ಇಂಜೆಕ್ಷನ್ ಇರುವುದು ನಿಜ, ಅದರ ಹೆಸರು ಹಯಲುರೊನಿಡೇಸ್. ಹೊಸ ಮದ್ದೇನಲ್ಲ. ಕಣ್ಣಿನ ಆಪರೇಷನ್ನಿಗೆ ಮೊದಲು ಮರಗಟ್ಟಿಸುವ ಮದ್ದಿನ ಜೊತೆ ಕೊಡುತ್ತಾರೆ. ಗುಟ್ಕಾ ತಿಂದು ಬಾಯಿ ತೆರೆಯಲಾಗದವರಿಗೂ ಕೊಡುತ್ತಾರೆ. ಆದರೆ ಪಾರ್ಲರಿನಲ್ಲಿ ಮಾತ್ರ ಬೇಡವೇ ಬೇಡ.

ಮೊದಲು ಹಾಕಿದ್ದು ಯಾವ ಫಿಲ್ಲರ್ ಅಂತ ಅವರನ್ನು ಕೇಳಿ. ಡಬ್ಬಿಯ ಮೇಲಿನ ಹೆಸರು, ಬ್ಯಾಚ್ ನಂಬರ್ ಬರೆದುಕೊಳ್ಳಿ. ಹಯಲುರೊನಿಕ್ ಆಸಿಡ್ ಫಿಲ್ಲರ್ ಆಗಿದ್ದರೆ ಮಾತ್ರ ಈ ಮದ್ದು ಕೆಲಸ ಮಾಡುತ್ತದೆ. ಸಿಲಿಕೋನ್ ಆಗಿದ್ದರೆ ಎಷ್ಟು ಸಲ ಚುಚ್ಚಿದರೂ ಸುಮ್ನೆ ನೋವು. ಡಬ್ಬಿ ಎಸೆದಿದ್ದೇವೆ ಅಂದರೆ ಅದನ್ನೂ ಚರ್ಮದ ಡಾಕ್ಟರಿಗೆ ಹೇಳಿ. ಕೆಲವು ಕಡೆ ಅಲ್ಟ್ರಾಸೌಂಡ್ ಮಾಡಿ ನೋಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಕಡೆ ಲಿಂಬೆ ತೋಟ ಜಾಸ್ತಿ, ಜೇನೂ ಜಾಸ್ತಿ. ಯಾವಾಗಲಾದರೂ ಜೇನು ಕಡಿದು ಮೈಯೆಲ್ಲ ದದ್ದೆದ್ದಿತ್ತಾ? ಉಸಿರು ಕಟ್ಟಿತ್ತಾ? ಇದ್ದರೆ ಮರೆಯದೆ ಹೇಳಿ. ಈ ಮದ್ದು ಒಂದು ಎನ್ಜೈಮ್, ಅಂದರೆ ಕರಗಿಸುವ ಕೆಲಸ ಮಾಡುವ ಪ್ರೋಟೀನ್. ಜೇನಿನ ವಿಷದಲ್ಲೂ ಇದೇ ಜಾತಿಯ ಎನ್ಜೈಮ್ ಇದೆ, ಹಾಗಾಗಿ ಈ ಇಂಜೆಕ್ಷನ್ನಿಗೂ ಜೋರು ಅಲರ್ಜಿ ಆಗಬಹುದು. ಜೋರು ಅಲರ್ಜಿಗೆ ತಕ್ಷಣ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆ ಸಿಗುವ ಕಡೆಯೇ ಇದನ್ನು ಹಾಕಿಸಿಕೊಳ್ಳಬೇಕು.

ಡಾಕ್ಟರ್ ಸಾಮಾನ್ಯವಾಗಿ ಮೊದಲು ಮುಂಗೈ ಚರ್ಮದಲ್ಲಿ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ ನೋಡುತ್ತಾರೆ. ಪುಡಿಯನ್ನು ಸಲೈನಿನಲ್ಲಿ ಕಲಸಿ, ಸಣ್ಣ ಸೂಜಿಯಿಂದ ಗಂಟಿನೊಳಗೇ ಬಿಟ್ಟು, ಬೆರಳಿನಿಂದ ತಿಕ್ಕುತ್ತಾರೆ. ಕೆಲವೇ ಗಂಟೆಗಳಲ್ಲಿ ಗಂಟು ಮೆತ್ತಗಾಗುತ್ತದೆ. ಒಂದೆರಡು ದಿನ ತುಟಿ ಬಾತಿರುತ್ತದೆ. ಒಮ್ಮೊಮ್ಮೆ ಎರಡನೇ ಸಲ ಬೇಕಾಗುತ್ತದೆ. ಚರ್ಮದಲ್ಲಿರುವ ನಿಮ್ಮದೇ ಹಯಲುರೊನಿಕ್ ಆಸಿಡ್ ಕೂಡ ಸ್ವಲ್ಪ ಕರಗಬಹುದು, ಆದರೆ ಮೈ ಅದನ್ನು ದಿನವೂ ಹೊಸದಾಗಿ ಮಾಡಿಕೊಳ್ಳುತ್ತದೆ.

ಗಂಟು ಕೆಂಪಗಾಗಿ ಬಿಸಿಯಾದರೆ ಸೋಂಕಿರಬಹುದು. ಆಗ ಮೊದಲು ಅದಕ್ಕೆ ಚಿಕಿತ್ಸೆ.

ಬೇರೆ ಓದುಗರಿಗೂ ಹೇಳಬೇಕು. ಫಿಲ್ಲರ್ ಹಾಕಿಸಿಕೊಂಡ ಮೇಲೆ ಚರ್ಮ ಬಿಳುಚಿಕೊಂಡರೆ, ನೀಲಿ ಬಲೆಯಂಥ ಗುರುತು ಬಂದರೆ, ತಡೆಯಲಾಗದ ನೋವಿದ್ದರೆ ರಕ್ತನಾಳ ಕಟ್ಟಿರಬಹುದು. ಕಣ್ಣು ಮಂಜಾದರೂ ಅಷ್ಟೇ. ಬೆಳಗಾಗಲಿ ಅಂತ ಕಾಯದೆ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಿ.