ಬರಹಗಾರರಿಗೆ ಸಲಹೆ: ಮೆಚ್ಚುಗೆ ಕೇಳಿಸಿತು, ಬೇಸ್ ಕೇಳಿಸಲಿಲ್ಲ

ನಮಸ್ಕಾರ,

‘ಗಿಟಾರಿನ ಗಂಧರ್ವ ಮತ್ತು ಅವನ ಬೇಸ್ ಬಳಗ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಜೆಫ್ ಬೆಕ್ ಬಗ್ಗೆ, ಅವರ ಜೊತೆ ಬೇಸ್ ಗಿಟಾರ್ (ಮಂದ್ರ ಸ್ವರಗಳ ಗಿಟಾರ್) ನುಡಿಸಿದವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ನಮಗೆ ಖುಷಿ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಸ್ ಎನ್ನುವುದು ಲೇಖನದ ಹೆಸರಿನಲ್ಲಿದೆ, ಒಳಗೆ ಹುಡುಕಬೇಕು. ಹದಿನಾರು ಪ್ಯಾರಾಗಳಲ್ಲಿ ಬೇಸ್ ವಾದಕರಿಗೆ ಸಿಕ್ಕಿರುವುದು ಕೊನೆಯ ಎರಡು. ಅದರಲ್ಲೂ ಬಂದಿರುವುದು ‘ಗುಡುಗು’, ‘ಅಡಿಪಾಯ’, ‘ಬೆನ್ನೆಲುಬು’. ಈ ಮೂರು ಮಾತನ್ನು ಭೂಮಿಯ ಮೇಲಿನ ಯಾವ ಬೇಸ್ ವಾದಕರಿಗೆ ಬೇಕಾದರೂ ಅಂಟಿಸಬಹುದು. ಬೆಕ್ ಜೊತೆ ಬೇಸ್ ನುಡಿಸಿದ ಫಿಲ್ ಚೆನ್ ಮತ್ತು ಟಿಮ್ ಬೋಗರ್ಟ್ ನಡುವೆ ಅಜಗಜಾಂತರವಿದೆ. ನಿಮ್ಮ ಲೇಖನದಲ್ಲಿ ಇಬ್ಬರೂ ಒಂದೇ ಗುಡುಗು.

ಹೀಗಾದದ್ದಕ್ಕೆ ನಮ್ಮ ಊಹೆ ಇದು: ನೀವು ಇದನ್ನೆಲ್ಲ ಮೊಬೈಲ್ ಸ್ಪೀಕರಿನಲ್ಲಿ ಕೇಳಿದ್ದೀರಿ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರದ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ನಾದ ಸೆಕೆಂಡಿಗೆ ಸುಮಾರು 41 ಕಂಪನದ್ದು. ಮುಂದಿನ ತಂತಿ 55, ಆಮೇಲೆ 73, ಕೊನೆಯದು 98. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗೆ ಗಾಳಿ ಅಲುಗಿಸುವ ಶಕ್ತಿ ಇಲ್ಲ. ಅದರಿಂದ ಹೊರಬರುವುದು ಮೂಲ ನಾದದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳು ಮತ್ತು ಬೆರಳು ತಂತಿಗೆ ತಾಗುವ ಸದ್ದು. ಆ ಉಪಸ್ವರಗಳಿಂದಲೇ ಕಿವಿ ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ, ಹಾಗಾಗಿ ಯಾವ ಸ್ವರ ಎಂಬುದು ತಿಳಿಯುತ್ತದೆ. ಆದರೆ ಆ ಸ್ವರದ ತೂಕ ಎಷ್ಟು, ಎಲ್ಲಿಯವರೆಗೆ ಉಳಿಯಿತು, ಎಲ್ಲಿ ಬೆರಳಿಟ್ಟು ನಿಲ್ಲಿಸಿದರು ಎಂಬುದು ಹೋಗಿಬಿಡುತ್ತದೆ. ಬೇಸ್ ವಾದಕರ ಅರ್ಧ ಕಸುಬು ಇರುವುದೇ ಈ ನಿಲ್ಲಿಸುವುದರಲ್ಲಿ.

ಹಾಗಾಗಿ ಮೊದಲ ಕೆಲಸ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ. 1975ರ ‘ಬ್ಲೋ ಬೈ ಬ್ಲೋ’ ಆಲ್ಬಮ್‌ನ ಮೊದಲ ಹಾಡು ‘ಯು ನೋ ವಾಟ್ ಐ ಮೀನ್’ ಸಾಕು. ಒಂದು ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಎರಡನೇ ಸಲ ಡ್ರಮ್ಮಿನ ಕಾಲಿನ ಪೆಟ್ಟು ಮತ್ತು ಬೇಸ್, ಎರಡನ್ನೇ ಕೇಳಿ: ಎಲ್ಲಿ ಒಟ್ಟಿಗೆ ಬೀಳುತ್ತವೆ, ಎಲ್ಲಿ ಬೇಸ್ ಬೇಕೆಂದೇ ಹಿಂದೆ ಉಳಿಯುತ್ತದೆ ಅಂತ ನಿಮಿಷ-ಸೆಕೆಂಡ್ ಸಮೇತ ಬರೆದುಕೊಳ್ಳಿ. ಗಿಟಾರ್ ಕಡೆ ಕಿವಿ ಕೊಡುವುದು ಮೂರನೇ ಸಲ. ನಡುವೆ ಬೇಸ್ ಕೈತಪ್ಪಿದರೆ (ತಪ್ಪಿಯೇ ತಪ್ಪುತ್ತದೆ, ಗಿಟಾರ್ ಎಳೆದುಕೊಂಡು ಹೋಗುತ್ತದೆ) ವೇಗವನ್ನು ಮುಕ್ಕಾಲಿಗೆ ಇಳಿಸಿ, ಬೇಸ್ ಸಾಲನ್ನು ಒಂದು ಸ್ಥಾಯಿ ಮೇಲೆ ಗುನುಗಿ. ಗುನುಗಲು ಬಂದರೆ ಕೇಳಿಸಿದೆ ಎಂದರ್ಥ. ನಾಲ್ಕು ಆವರ್ತನ ಗುನುಗಲು ಬಾರದ ಹಾಡಿನ ಬಗ್ಗೆ ದಯವಿಟ್ಟು ಬರೆಯಬೇಡಿ.

ಈಗ ತಪ್ಪುಗಳು. ‘ಬ್ಲೂ ವಿಂಡ್’ ಹಾಡಿನ ಬೇಸ್ ಬಗ್ಗೆ ವಿಲ್ಬರ್ ಬ್ಯಾಸ್ಕಂಬ್ ಅವರನ್ನು ಹೊಗಳಿದ್ದೀರಿ. ಅವರು 1976ರ ‘ವೈರ್ಡ್’ ಆಲ್ಬಮ್‌ನ ಬೇಸ್ ವಾದಕರು ಹೌದು, ಆದರೆ ಆ ಒಂದು ಹಾಡಿನಲ್ಲಿ ಗಿಟಾರ್ ಬಿಟ್ಟು ಉಳಿದದ್ದೆಲ್ಲ ಯಾನ್ ಹ್ಯಾಮರ್ ಅವರದು: ಡ್ರಮ್ಸ್, ಸಿಂತಸೈಜರ್ ಎರಡೂ. ನೀವು ಮೆಚ್ಚಿದ ‘ಬೇಸ್’ ಕೀಬೋರ್ಡಿನದು. ಇನ್ನೂ ಮುಜುಗರದ ಸಂಗತಿ, ಬೆಕ್ ಅವರ ಬೆರಳಿನ ಮಾಯೆ ಎಂದು ನೀವು ವರ್ಣಿಸಿದ ಒಂದು ಸಾಲು ಕೂಡ ಹ್ಯಾಮರ್ ಅವರದೇ. ಅವರು ಸಿಂತಸೈಜರಿನ ಪಕ್ಕದ ಚಕ್ರ ತಿರುಗಿಸಿ ಸ್ವರವನ್ನು ಗಿಟಾರ್ ತಂತಿಯ ಹಾಗೇ ಎಳೆಯುತ್ತಿದ್ದರು. ಪಳಗಿದವರೂ ಇಲ್ಲಿ ಮೋಸಹೋಗುತ್ತಾರೆ, ಅದಕ್ಕೆ ನಾಚಿಕೆ ಬೇಡ. ಬೇಸ್ ವಿಷಯದಲ್ಲಿ ಬೆರಳಿಗೂ ಕೀಬೋರ್ಡಿಗೂ ಇರುವ ವ್ಯತ್ಯಾಸ ಹಿಡಿಯುವುದು ಹೀಗೆ: ಮೀಟಿದ ತಂತಿಯ ನಾದ ಹುಟ್ಟಿದ ಕ್ಷಣದಿಂದ ಸೊರಗುತ್ತಾ ಹೋಗುತ್ತದೆ, ಒಂದು ಫ್ರೆಟ್ಟಿನಿಂದ (ಮೆಟ್ಟಿಲಿನಿಂದ) ಇನ್ನೊಂದಕ್ಕೆ ಹೋಗುವಾಗ ಆಗಾಗ ಬೆರಳು ಉಜ್ಜಿದ ಸದ್ದು ಬರುತ್ತದೆ. ಕೀಬೋರ್ಡ್ ಬೇಸ್‌ಗೆ ಆ ಉಜ್ಜು ಇಲ್ಲ, ಬೇಕಾದರೆ ಸ್ವರವನ್ನು ಒಂದೇ ಮಟ್ಟದಲ್ಲಿ ಹಿಡಿದಿಡಬಲ್ಲದು.

ಎರಡನೆಯದು, ‘ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್’ ಬೆಕ್ ಅವರ ರಚನೆಯಲ್ಲ, ಸ್ಟೀವಿ ವಂಡರ್ ಅವರದು. ಅದನ್ನು ಮೊದಲು ಗಾಯಕಿ ಸಿರೀಟಾ 1974ರಲ್ಲಿ ಹಾಡಿದರು. ಮರುವರ್ಷ ಬೆಕ್ ಮಾತು ಬಿಟ್ಟು ರಾಗ ಮಾತ್ರ ನುಡಿಸಿದರು. ಮೂರನೆಯದು, 1968ರ ‘ಟ್ರುಥ್’ ಆಲ್ಬಮ್‌ನಲ್ಲಿ ರಾನಿ ವುಡ್ ‘ಎರಡನೇ ಗಿಟಾರ್’ ನುಡಿಸಿದರು ಎಂದಿದ್ದೀರಿ. ಅಲ್ಲಿ ಅವರ ಕೈಯಲ್ಲಿದ್ದದ್ದು ಬೇಸ್.

ಈ ಮೂರನೇ ತಪ್ಪಿನ ಪಕ್ಕದಲ್ಲೇ ನಿಮ್ಮ ಲೇಖನಕ್ಕೆ ಬೇಕಾದ ದಾರಿ ಇದೆ. ವುಡ್ ಮೂಲತಃ ಗಿಟಾರ್ ವಾದಕರು, ಬೆಕ್ ಗುಂಪಿಗಾಗಿ ಬೇಸ್ ಹಿಡಿದವರು. ಅದಕ್ಕೂ ಮೊದಲು, 1966ರಲ್ಲಿ, ಬೆಕ್ ಆಗ ಇದ್ದ ಯಾರ್ಡ್‌ಬರ್ಡ್ಸ್ ತಂಡದಿಂದ ಬೇಸ್ ವಾದಕ ಪಾಲ್ ಸ್ಯಾಮ್‌ವೆಲ್-ಸ್ಮಿತ್ ಹೊರಟಾಗ ಬೆಕ್ ಪಕ್ಕದಲ್ಲಿ ಬೇಸ್ ಹಿಡಿದು ನಿಂತವರು ಜಿಮ್ಮಿ ಪೇಜ್. ಕೆಲವೇ ಸಮಯದಲ್ಲಿ ಅದೇ ತಂಡದ ಕ್ರಿಸ್ ಡ್ರೇಯಾ ಬೇಸ್‌ಗೆ ಬಂದು ಪೇಜ್ ಗಿಟಾರಿಗೆ ಮರಳಿದರು. 2007ರಲ್ಲಿ ಬೆಕ್ ಜೊತೆ ಬೇಸ್ ನುಡಿಸಿದ ಟಾಲ್ ವಿಲ್ಕನ್‌ಫೆಲ್ಡ್ ಕೂಡ ಮೊದಲು ಗಿಟಾರ್ ಕಲಿತು ಹದಿನೇಳರ ವಯಸ್ಸಿಗೆ ಬೇಸ್‌ಗೆ ಹೊರಳಿದವರು. ಬೆಕ್ ಜೊತೆಗಿದ್ದ ಹಲವರು ಗಿಟಾರಿನ ಮನಸ್ಸಿಟ್ಟುಕೊಂಡೇ ಬೇಸ್ ನುಡಿಸಿದವರು ಎಂಬುದು ಕೇಳಿದರೆ ಗೊತ್ತಾಗುತ್ತದೆ. ‘ಟ್ರುಥ್’ನಲ್ಲಿ ವುಡ್ ಒಂದು ಸ್ವರದ ಮೇಲೆ ಕೂರುವವರೇ ಅಲ್ಲ. ಬೆಕ್ ಉಸಿರು ತೆಗೆದುಕೊಂಡ ಕಡೆಯೆಲ್ಲ ಏರಿ ಬಂದು ಉತ್ತರ ಕೊಡುತ್ತಾರೆ. (ಇದೇ ರಾನಿ ವುಡ್ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಿಟಾರ್ ನುಡಿಸಿದರು. ನಿಮ್ಮ ಓದುಗರಲ್ಲಿ ಅಂದು ಅಲ್ಲಿದ್ದವರು ಖಂಡಿತ ಇರುತ್ತಾರೆ, ಈ ಒಂದು ಸಾಲು ಅವರಿಗೆ ಬೆಲೆಯುಳ್ಳದ್ದು.) ಬೋಗರ್ಟ್ ಇನ್ನೂ ಮುಂದೆ ಹೋಗುತ್ತಾರೆ. 1973ರ ಬೆಕ್, ಬೋಗರ್ಟ್ ಅಂಡ್ ಅಪೀಸ್ ಮೂವರ ತಂಡ, ಕೀಬೋರ್ಡ್ ಇಲ್ಲ. ಆ ಖಾಲಿಯನ್ನೆಲ್ಲ ಬೇಸ್ ಒಂದೇ ತುಂಬಲು ಹೊರಟಾಗ ಗಿಟಾರಿಗೆ ಜಾಗ ಕಿರಿದಾಗುತ್ತದೆ. ಎರಡೇ ವರ್ಷದ ಬಳಿಕ ಚೆನ್ ಬಂದಾಗ ಅದಕ್ಕೆ ತದ್ವಿರುದ್ಧ: ಗಿಡ್ಡ ಸ್ವರ, ಅದರ ಹಿಂದೆ ಮೌನ, ಮತ್ತೆ ಗಿಡ್ಡ ಸ್ವರ. ಅವರು ಹುಟ್ಟಿದ್ದು ಜಮೈಕಾದಲ್ಲಿ. ಬೀಟಲ್ಸ್‌ನ ‘ಶೀ ಈಸ್ ಎ ವುಮನ್’ ಹಾಡು ಬೆಕ್ ಕೈಯಲ್ಲಿ ಜಮೈಕಾದ ಸಂಗೀತವಾದ ರೆಗೆಯ ನಡೆ ಹಿಡಿದದ್ದನ್ನು ಕೇಳುವಾಗ ಅದು ನೆನಪಿರಲಿ. ಬೆಕ್ ಅವರ ಗಿಟಾರ್ ‘ಹಾಡುತ್ತದೆ’ ಎಂದು ಆರು ಸಲ ಬರೆದಿದ್ದೀರಿ. ಹಾಡಲು ಮೊದಲು ಜಾಗ ಬೇಕಲ್ಲ? ಆ ಜಾಗ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದೇ ನಿಮ್ಮ ಲೇಖನ ಆಗಬೇಕು.

ಒಂದು ಹೋಲಿಕೆಯ ಬಗ್ಗೆ ಸ್ವಲ್ಪ ಜಗಳವಾಡಬೇಕು. ‘ಬೇಸ್ ಎಂದರೆ ನಮ್ಮ ತಂಬೂರಿ ಇದ್ದ ಹಾಗೆ’ ಎಂದಿದ್ದೀರಿ. ಕನ್ನಡ ಓದುಗರಿಗೆ ಹತ್ತಿರವಾಗಲಿ ಎಂಬ ಉದ್ದೇಶ ಒಳ್ಳೆಯದೇ, ಹೋಲಿಕೆ ಮಾತ್ರ ತಪ್ಪು. ತಂಬೂರಿ ಕಛೇರಿ ಮುಗಿಯುವ ತನಕ ಅದೇ ಷಡ್ಜ-ಪಂಚಮ ಹಿಡಿದು ನಿಲ್ಲುತ್ತದೆ. ಬೇಸ್ ನೆಲವನ್ನೇ ಬದಲಿಸುತ್ತದೆ. ಒಂದು ಕೀಬೋರ್ಡ್ ಇದ್ದರೆ ಪರೀಕ್ಷೆ ಮಾಡಿ: ಬಲಗೈಯಲ್ಲಿ ಜಿ ಸ್ವರ ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಕೆಳಗೆ ಸಿ ಒತ್ತಿದರೆ ಮೇಲಿನ ಜಿ ಪಂಚಮವಾಗಿ ಕೇಳುತ್ತದೆ. ಎಡಗೈ ಇ ಫ್ಲ್ಯಾಟ್‌ಗೆ ಸರಿದರೆ ಅದೇ ಜಿ ಅಂತರ ಗಾಂಧಾರ. ಎ ಫ್ಲ್ಯಾಟ್‌ಗೆ ಇಳಿದರೆ ಕಾಕಲಿ ನಿಷಾದ, ತಕ್ಷಣ ಒಂದು ನೋವು ಬಂದು ಸೇರುತ್ತದೆ. ಬಲಗೈ ಅಲುಗಿಯೇ ಇಲ್ಲ. ನಮ್ಮಲ್ಲಿ ಗ್ರಹಭೇದ (ಆಧಾರ ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸುವುದು) ಎನ್ನುತ್ತೇವಲ್ಲ, ವಿದ್ವಾಂಸರು ಎಂದೋ ಒಮ್ಮೆ ಆಲಾಪನೆಯಲ್ಲಿ ತೋರಿಸುವಂಥದ್ದು, ಅದಕ್ಕೆ ಹತ್ತಿರದ್ದನ್ನು ಬೇಸ್ ವಾದಕರು ಪ್ರತಿ ಒಂದೆರಡು ಆವರ್ತನಕ್ಕೊಮ್ಮೆ ಸದ್ದಿಲ್ಲದೆ ಮಾಡುತ್ತಿರುತ್ತಾರೆ. ಬೆಕ್ ಒಂದೇ ಸ್ವರವನ್ನು ಎಳೆದು ನಿಂತಾಗ ಅದು ಬಣ್ಣ ಬದಲಿಸಿದ ಹಾಗೆ ನಿಮಗೆ ಅನಿಸಿದ್ದು, ನೀವೇ ಒಂಬತ್ತನೇ ಪ್ಯಾರಾದಲ್ಲಿ ಅದನ್ನು ಬರೆದದ್ದು, ಬಹುಪಾಲು ಇದರಿಂದ.

ಹೋಲಿಕೆ ಬೇಕೇ ಬೇಕೆಂದರೆ ಪಕ್ಕವಾದ್ಯ ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ. ಅದನ್ನು ಬಳಸಿ.

ವಿಲ್ಕನ್‌ಫೆಲ್ಡ್ ಅವರ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ‘ಗುಂಗುರು ಕೂದಲಿನ ಪುಟ್ಟ ಹುಡುಗಿ’, ‘ಹೆಣ್ಣುಮಗಳಾಗಿಯೂ ಇಷ್ಟು ಚೆನ್ನಾಗಿ’, ‘ದಂತಕಥೆಯ ಪಕ್ಕ ಅಂಜದೆ ನಿಂತ ಬಾಲೆ’ ಇವೆಲ್ಲ ಹೋಗಬೇಕು, ಚರ್ಚೆಯಿಲ್ಲ. ಇವು ಅವರ ವಾದನದ ಬಗ್ಗೆ ಏನೂ ಹೇಳುವುದಿಲ್ಲ, ಓದುವ ಹೆಣ್ಣುಮಕ್ಕಳನ್ನು ನೋಯಿಸುತ್ತವೆ. ವಯಸ್ಸನ್ನು ಒಂದು ಸಲ ಹೇಳಿ: 2007ರ ಜುಲೈನಲ್ಲಿ ಷಿಕಾಗೋ ಹತ್ತಿರದ ಕ್ರಾಸ್‌ರೋಡ್ಸ್ ಗಿಟಾರ್ ಉತ್ಸವದಲ್ಲಿ ಬೆಕ್ ಜೊತೆ ನುಡಿಸಿದಾಗ ಅವರಿಗೆ ಇಪ್ಪತ್ತು, ಬೇಸ್ ಹಿಡಿದು ಮೂರು ವರ್ಷ ದಾಟಿತ್ತು ಅಷ್ಟೆ. ಆಮೇಲೆ ಕೈಗೆ ಬನ್ನಿ. ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ನುಡಿಸಿದ ‘ಕಾಸ್ ವಿ ಹ್ಯಾವ್ ಎಂಡೆಡ್’ ಅನ್ನೇ ತೆಗೆದುಕೊಳ್ಳಿ. ಬೆಕ್ ಮೂಲ ರಾಗವನ್ನು ನುಡಿಸಿ ಮುಗಿಸಿದ ಮೇಲೆ ಸೋಲೋ ಮೊದಲು ಸಿಗುವುದು ಬೇಸ್‌ಗೆ. ಬೇಸ್ ಮೇಲಿನ ಸ್ಥಾಯಿಗೆ ಏರಿತು ಎಂದರೆ ಕೆಳಗಿನ ಮಹಡಿ ಖಾಲಿ. ಅಲ್ಲಿ ಯಾರು ನಿಂತರು? ಕೀಬೋರ್ಡಿನಲ್ಲಿದ್ದ ಜೇಸನ್ ರೆಬೆಲ್ಲೋ ಏನು ಮಾಡಿದರು? ವಿನ್ನಿ ಕೊಲಾಯುಟಾ ಡ್ರಮ್ಸನ್ನು ಎಷ್ಟು ಮೆದುವಾಗಿಸಿದರು? ಸೋಲೋ ಮುಗಿಸಿ ಬೇಸ್ ಮತ್ತೆ ಮಂದ್ರಕ್ಕೆ ಇಳಿಯುವ ಆ ಹೆಜ್ಜೆಯಲ್ಲಿ ಇಡೀ ತಂಡದ ತೂಕ ಹೇಗೆ ಬದಲಾಗುತ್ತದೆ? ಹೆಡ್‌ಫೋನಿನಲ್ಲಿ ಇದೆಲ್ಲ ಕೇಳುತ್ತದೆ. ಮುಖ್ಯ ಕಲಾವಿದ ತನಗಿಂತ ಮೊದಲು ಪಕ್ಕವಾದ್ಯಕ್ಕೆ ತನಿ ಬಿಟ್ಟುಕೊಟ್ಟ ಹಾಗೆ ಇದು. ಬೆಕ್ ಎಂಥ ಮನುಷ್ಯ ಎಂದು ತೋರಿಸಲು ನಿಮ್ಮ ಹನ್ನೊಂದು ವಿಶೇಷಣಗಳಿಗಿಂತ ಈ ಒಂದು ಸಂಗತಿ ದೊಡ್ಡದು.

ರೋಂಡಾ ಸ್ಮಿತ್ ಹೆಸರೇ ಲೇಖನದಲ್ಲಿ ಇಲ್ಲ. ಅಮೆರಿಕದ ಗಾಯಕ ಪ್ರಿನ್ಸ್ ಅವರ ತಂಡದಲ್ಲಿ ಪಳಗಿ 2010ರಿಂದ ಬೆಕ್ ಜೊತೆಗಿದ್ದವರು, 2022ರ ಕೊನೆಯ ಪ್ರವಾಸದಲ್ಲೂ ಬೇಸ್ ಅವರದೇ. ಸೇರಿಸಿ. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಬಗ್ಗೆ ಎರಡು ಪ್ಯಾರಾ ಬರೆದೂ ಅದು ಚಾರ್ಲ್ಸ್ ಮಿಂಗಸ್ ಎಂಬ ಡಬಲ್ ಬೇಸ್ ವಾದಕರ ರಚನೆ ಎಂಬುದನ್ನು ಬಿಟ್ಟಿದ್ದೀರಿ. ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೇನಿದೆ?

ಇನ್ನು ನಾವು ಒಂದಕ್ಷರವೂ ಮುಟ್ಟದ ಭಾಗ. ಬೆಕ್ ಅವರ ಬಲಗೈಯನ್ನು ನೀವು ಬಣ್ಣಿಸಿದ ಆರನೇ ಪ್ಯಾರಾ: ‘ಪಿಕ್ ಇಲ್ಲ. ಹೆಬ್ಬೆರಳು ತಂತಿ ಮೀಟುತ್ತದೆ, ಕಿರುಬೆರಳು ವಾಲ್ಯೂಮ್ ಗುಂಡಿಯ ಮೇಲೆ, ಬಾರ್ ಅಂಗೈಯೊಳಗೆ. ಮೀಟುವಾಗ ಗುಂಡಿ ಸೊನ್ನೆಯಲ್ಲಿ, ಮೀಟಿದ ಮೇಲೆ ಮೆಲ್ಲಗೆ ತಿರುಗುತ್ತದೆ, ಹಾಗಾಗಿ ಪೆಟ್ಟು ಕೇಳುವುದಿಲ್ಲ, ನಾದ ಮಾತ್ರ ಬರುತ್ತದೆ.’ ಇದು ಬರವಣಿಗೆ. ಒಂದೂ ಹೊಗಳಿಕೆ ಇಲ್ಲ, ಓದಿದವರು ತಾವೇ ಬೆರಗಾಗುತ್ತಾರೆ. ಉಳಿದ ಹದಿನೈದು ಪ್ಯಾರಾವನ್ನೂ ಇದೇ ಕೈಯಲ್ಲಿ ಬರೆಯಿರಿ.

ಅದರ ಬೆನ್ನಿಗೇ ‘ನಾಡಿಯಾ’ ಬಗ್ಗೆ ಬರೆದದ್ದೂ ಚೆನ್ನಾಗಿದೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ನಿತಿನ್ ಸಾಹ್ನಿ ಅವರ ಈ ಹಾಡನ್ನು ಮೊದಲು ಹಾಡಿದವರು ಸ್ವಾತಿ ನಾಟೇಕರ್. ಬೆಕ್ 2001ರ ಆಲ್ಬಮ್‌ನಲ್ಲಿ ಆ ದನಿಯನ್ನು ಗಿಟಾರಿಗೆ ತಂದರು. ‘ವೀಣೆಯ ಗಮಕದಂತೆ’ ಎಂದು ಬರೆದು ನಿಲ್ಲಿಸಿದ್ದೀರಿ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರಲು ಮಾತ್ರ ಸಾಧ್ಯ, ಇಳಿಯಬೇಕಾದರೆ ಮೊದಲೇ ಎಳೆದಿಟ್ಟುಕೊಂಡು ಸಡಿಲಿಸಬೇಕು. ಬೆಕ್ ಅವರ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ತಂತಿಗಳ ಬುಡದ ಬ್ರಿಜ್ ಮುಂದಕ್ಕೂ ಹಿಂದಕ್ಕೂ ವಾಲುತ್ತದೆ. ಹಿಂಬದಿಯ ಸ್ಪ್ರಿಂಗುಗಳು ತಂತಿಗಳ ಎಳೆತಕ್ಕೆ ಎದುರಾಗಿ ಅದನ್ನು ನಡುವೆ ತೇಲಿಸಿ ಹಿಡಿದಿರುತ್ತವೆ. ಆ ಬ್ರಿಜ್‌ಗೆ ಜೋಡಿಸಿದ ಲೋಹದ ಕಡ್ಡಿಯೇ ಬಾರ್. ಅದನ್ನು ಒತ್ತಿದರೆ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಅದಕ್ಕೇ ಸ್ವರದ ಕೆಳಗಿಂದಲೂ ಮೇಲಿಂದಲೂ ಜಾರಿ ಬಂದು ಕೂರಲು ಅವರಿಗೆ ಆಗುತ್ತಿತ್ತು. ತೊಡಕೂ ಇದೆ: ಒಂದೇ ಬಾರ್ ಆರೂ ತಂತಿಯನ್ನು ಸಡಿಲಿಸುತ್ತದೆ, ಆದರೆ ಎಲ್ಲ ತಂತಿಯೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದು ಹೀಗೆ ಮಾಡಿದರೆ ಅಪಶ್ರುತಿ. ತಂತಿ ಮೇಲ್ಗಡೆಯ ನಟ್‌ನಲ್ಲಿ (ಗಿಟಾರಿನ ತಲೆಯ ಬಳಿ ತಂತಿಗಳು ಹಾದುಹೋಗುವ ಗೀರುಗಳ ಪಟ್ಟಿಯಲ್ಲಿ) ಸಿಕ್ಕಿಕೊಂಡರೆ ಬಾರ್ ಬಿಟ್ಟ ಮೇಲೂ ಮೂಲ ಶ್ರುತಿಗೆ ವಾಪಸು ಬರುವುದಿಲ್ಲ. ಅವರ ಗಿಟಾರಿನಲ್ಲಿ ತಂತಿ ಸಲೀಸಾಗಿ ಉರುಳುವ ರೋಲರ್ ನಟ್ ಇದ್ದದ್ದು ಇದಕ್ಕೇ.

ಈಗ ಬೇಸ್‌ಗೆ ಬನ್ನಿ. ಗಿಟಾರ್ ಹೀಗೆ ಎರಡು ಸ್ವರಗಳ ನಡುವೆ ತೇಲುತ್ತಿರುವಾಗ ಅದು ಎಲ್ಲಿಗೆ ಹೊರಟಿದೆ ಎಂದು ಕೇಳುವವರಿಗೆ ತಿಳಿಯಬೇಕಾದರೆ ಕೆಳಗೆ ಯಾರಾದರೂ ಖಚಿತವಾಗಿ ನಿಂತಿರಬೇಕು. ನಿಂತ ಸ್ವರ ಕೂದಲೆಳೆಯಷ್ಟು ಆಚೀಚೆ ಆದರೂ ಮೇಲಿನ ಜಾರು ಅಪಸ್ವರ ಅನ್ನಿಸಿಬಿಡುತ್ತದೆ. 1989ರ ‘ಗಿಟಾರ್ ಶಾಪ್’ ಆಲ್ಬಮ್‌ನಲ್ಲಿ ಬೇಸ್ ವಾದಕರೇ ಇಲ್ಲ: ಬೆಕ್, ಡ್ರಮ್ಸಿಗೆ ಟೆರಿ ಬೋಜಿಯೊ, ಕೀಬೋರ್ಡಿಗೆ ಟೋನಿ ಹೈಮಸ್. ಅದರಲ್ಲಿನ ‘ವೇರ್ ವರ್ ಯು’ ಕೇಳಿ. ತಂತಿಯನ್ನು ಹಗುರವಾಗಿ ಸೋಕಿ ತೆಗೆದ ಹಾರ್ಮೋನಿಕ್ ಸ್ವರಗಳನ್ನು ಬಾರ್‌ನಿಂದಲೇ ಬಾಗಿಸಿ ಹಾಡು ಕಟ್ಟಿದ್ದಾರೆ, ಕೆಳಗೆ ಹೈಮಸ್ ಅವರ ಕೀಬೋರ್ಡ್ ಮಾತ್ರ ಇದೆ. ಆಮೇಲೆ ರಾನಿ ಸ್ಕಾಟ್ಸ್‌ನ ‘ನಾಡಿಯಾ’ ಕೇಳಿ, ವಿಲ್ಕನ್‌ಫೆಲ್ಡ್ ಇರುವುದು. ಎರಡನ್ನೂ ಅಕ್ಕಪಕ್ಕ ಇಟ್ಟು, ನಿಮ್ಮ ಕಿವಿಗೆ ಏನು ಬೇರೆಯಾಗಿ ಬಿತ್ತು ಎಂದು ಒಂದು ಪುಟ ಬರೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ‘1944ರ ಜೂನ್ 24ರಂದು ಜನಿಸಿದ’ ಎಂಬ ಈಗಿನ ಆರಂಭ ಬೇಡ.

ಉದ್ದ 1,200 ಪದ ಮೀರದಿರಲಿ. ವಾದಕರು ಐವರಿಗಿಂತ ಹೆಚ್ಚು ಬೇಡ, ಒಬ್ಬೊಬ್ಬರಿಗೂ ಒಂದೇ ಹಾಡು, ಅದರ ನಿಮಿಷ-ಸೆಕೆಂಡ್ ಗುರುತು ಬದಿಯಲ್ಲಿರಲಿ, ನಾವು ಕೇಳಿ ತಾಳೆ ನೋಡುತ್ತೇವೆ. ಆರನೇ ಪ್ಯಾರಾ ಹಾಗೇ ಇರಲಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ಸಂಗೀತ ಪುಟದಲ್ಲಿ ಜಾಗ ಇಟ್ಟಿರುತ್ತೇವೆ.

ಸಂಪಾದಕ ಬಳಗ