ಬಾಸ್ಟನ್‌ ಟೀಯಿಂದ ವಿರಾಜಪೇಟೆವರೆಗೆ: ವಿದ್ಯಾರ್ಥಿಗಳ ಪ್ರಶ್ನೆಗಳು

ಈ ಸಲ ಕೊಡಗಿನ ಶಾಲೆಗಳಿಂದ ಬಂದ ಪ್ರಶ್ನೆಗಳೆಲ್ಲ ಉತ್ತರ ಅಮೆರಿಕದ ಬಗ್ಗೆಯೇ ಇವೆ. ವಿರಾಜಪೇಟೆಯಿಂದ ಬಂದದ್ದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಲಿಬರ್ಟಿ ಪ್ರತಿಮೆಗೆ ಹಸಿರು ಬಣ್ಣ ಯಾಕೆ ಬಳಿದರು? (ಸೋಮವಾರಪೇಟೆ, 7ನೇ ತರಗತಿ)

ಯಾರೂ ಬಳಿದಿಲ್ಲ. ಅದು ತಾಮ್ರದ ಪ್ರತಿಮೆ. ಫ್ರಾನ್ಸ್ ಜನರ ಉಡುಗೊರೆಯಾಗಿ ಬಂದು 1886ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಿಂತಾಗ ಬೆಳಗಿದ ತಾಮ್ರದ ಚೊಂಬಿನ ಬಣ್ಣವೇ ಇತ್ತು. ಗಾಳಿ, ಮಳೆ, ಉಪ್ಪು ಸೇರಿ ಮೇಲೆ ಹಸಿರು ಪದರ ಕಟ್ಟಿತು. ತಗಡಿನ ದಪ್ಪ ಎರಡೂವರೆ ಮಿಲಿಮೀಟರೂ ಇಲ್ಲ, ಅದನ್ನು ಕಾಪಾಡುತ್ತಿರುವುದೇ ಆ ಪದರ. ಹಾಗಾಗಿ ಉಜ್ಜಿ ತೆಗೆಯುವುದಿಲ್ಲ. ಮೇಲಿನಿಂದ ತೆಗೆದ ಫೋಟೊ ಸಿಕ್ಕಿದರೆ ಪಾದದ ಹತ್ತಿರ ನೋಡಿ, ತುಂಡಾದ ಸರಪಳಿ ಬಿದ್ದಿದೆ. ಕೆಳಗೆ ನಿಂತವರಿಗೆ ಅದು ಕಾಣುವುದೇ ಇಲ್ಲ.

ಮೆಕ್ಸಿಕೊ ದಕ್ಷಿಣ ಅಮೆರಿಕದಲ್ಲಿದೆಯೇ? (ಕುಶಾಲನಗರ)

ಇಲ್ಲ, ಉತ್ತರ ಅಮೆರಿಕದಲ್ಲಿ. ಪನಾಮಾದವರೆಗೂ ಉತ್ತರ ಅಮೆರಿಕವೇ.

ಬಾಸ್ಟನ್‌ನಲ್ಲಿ ಸಮುದ್ರಕ್ಕೆ ಸುರಿದ ಟೀ ಭಾರತದ್ದಾ? (ವಿರಾಜಪೇಟೆ, 9ನೇ ತರಗತಿ)

ಟೀ ಚೀನಾದ್ದು. ಆಗ ಅಸ್ಸಾಂನಲ್ಲಿ ಟೀ ತೋಟಗಳೇ ಇರಲಿಲ್ಲ. ಆದರೆ ಮಾಲೀಕರು ನಮಗೆ ಚೆನ್ನಾಗಿ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯವರು. ತಮ್ಮ ಪ್ರತಿನಿಧಿಗಳೇ ಇಲ್ಲದ ಬ್ರಿಟಿಷ್ ಸಂಸತ್ತು ಹಾಕಿದ ತೆರಿಗೆ ಕಟ್ಟಲ್ಲ ಎಂದು, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಜನ 1773ರ ಡಿಸೆಂಬರ್ 16ರ ರಾತ್ರಿ ಹಡಗು ಹತ್ತಿ 342 ಪೆಟ್ಟಿಗೆ ಟೀ ನೀರಿಗೆ ಸುರಿದರು. ಆಮೇಲೆ ಟೀ ಬಿಟ್ಟು ಕಾಫಿ ಕುಡಿಯುವುದೇ ದೇಶಪ್ರೇಮ ಅಂತಾಯಿತು!

ಮುಂದಿನ ಕಥೆ ನಿಮ್ಮ ಊರಿನವರೆಗೂ ಬರುತ್ತದೆ. ಆಮೇಲೆ ನಡೆದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾದ. ಹುಷಾರಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ. ಅದೇ ಮನುಷ್ಯ 1786ರಲ್ಲಿ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದು, ಮೂರನೇ ಮೈಸೂರು ಯುದ್ಧದಲ್ಲಿ ಬೆಂಗಳೂರು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ. ಅವನ ಕಡೆಯ ಜನರಲ್ ಅಬರ್‌ಕ್ರಾಂಬಿ ಮಲಬಾರಿನಿಂದ ಘಟ್ಟ ಹತ್ತಿ ಕೊಡಗಿನ ಮೂಲಕವೇ ಸೈನ್ಯ ತಂದ. ಟಿಪ್ಪುವಿನ ವಿರುದ್ಧ ಹೋರಾಡುತ್ತಿದ್ದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆ ಸೈನ್ಯಕ್ಕೆ ಅಕ್ಕಿ, ದನ ಒದಗಿಸಿದ. ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ಅವನು 1792ರಲ್ಲಿ ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಅಮೆರಿಕದ ಇತಿಹಾಸ ಎಲ್ಲೋ ದೂರದ್ದು ಅನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ್ದಾರಲ್ಲ, ಆ ಬೆಟ್ಟ ಯಾರದು? (ಪೊನ್ನಂಪೇಟೆ)

ಎಷ್ಟು ಒಳ್ಳೆಯ ಪ್ರಶ್ನೆ! ಮೌಂಟ್ ರಶ್ಮೋರ್ ಇರುವ ಬ್ಲ್ಯಾಕ್ ಹಿಲ್ಸ್ ಲಕೋಟಾ ಮೂಲನಿವಾಸಿಗಳಿಗೆ ಪವಿತ್ರ. 1868ರ ಒಪ್ಪಂದದಲ್ಲಿ ಸರ್ಕಾರವೇ ಅದನ್ನು ಅವರಿಗೆ ಬಿಟ್ಟಿತ್ತು. 1874ರಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ನೆಲ ಕಿತ್ತುಕೊಂಡರು. 1927ರಿಂದ 1941ರವರೆಗೆ, ಹೆಚ್ಚಾಗಿ ಡೈನಮೈಟ್ ಸಿಡಿಸಿಯೇ, ಸುಮಾರು 18 ಮೀಟರ್ ಎತ್ತರದ ಮುಖಗಳನ್ನು ಕೆತ್ತಿದರು. 1980ರಲ್ಲಿ ಸುಪ್ರೀಂ ಕೋರ್ಟ್ 10 ಕೋಟಿ ಡಾಲರಿಗೂ ಜಾಸ್ತಿ ಪರಿಹಾರವನ್ನು ಎತ್ತಿಹಿಡಿಯಿತು. ದುಡ್ಡು ಬೇಡ, ಬೆಟ್ಟ ಕೊಡಿ ಅಂತ ಅವರು ಅದನ್ನು ಮುಟ್ಟಲಿಲ್ಲ. ಈ ಬೆಟ್ಟದ ಚಿತ್ರ ಹಾಕುವ ಪಠ್ಯಪುಸ್ತಕಗಳು ಇದನ್ನೂ ಹೇಳಬೇಕು, ಅಲ್ವಾ?

ಬೇಸಿಗೆಯಲ್ಲಿ ನಮ್ಮ ಅಬ್ಬಿ ಫಾಲ್ಸ್ ಸಣ್ಣಗಾಗುತ್ತದೆ. ನಯಾಗರ ಯಾವತ್ತಾದರೂ ನಿಂತಿದೆಯೇ? (ಮಡಿಕೇರಿ)

ಅದರ ಹಿಂದೆ ನಾಲ್ಕು ದೊಡ್ಡ ಸರೋವರಗಳಿವೆ, ಮಳೆಗಾಲಕ್ಕೆ ಕಾಯಬೇಕಿಲ್ಲ. ಆದರೂ 1848ರ ಮಾರ್ಚ್‌ನಲ್ಲಿ ಮಂಜುಗಡ್ಡೆ ನದಿಗೆ ಅಡ್ಡ ಬಿದ್ದು ಒಂದು ದಿನಕ್ಕೂ ಹೆಚ್ಚು ಹೊತ್ತು ನೀರು ನಿಂತಿತ್ತು. 1969ರಲ್ಲಿ ಬಂಡೆ ಪರೀಕ್ಷಿಸಲು ಎಂಜಿನಿಯರುಗಳು ಮೇಲ್ಗಡೆ ಕಟ್ಟೆ ಹಾಕಿ ಅಮೆರಿಕದ ಕಡೆಯ ಜಲಪಾತವನ್ನು ತಿಂಗಳುಗಟ್ಟಲೆ ಒಣಗಿಸಿದ್ದರು. ಈಗಲೂ ಪ್ರವಾಸಿಗಳಿಗೆ ಹಗಲಲ್ಲಿ ಕಾಣುವಷ್ಟು ನೀರು ರಾತ್ರಿ ಇರುವುದಿಲ್ಲ. ಅರ್ಧದಷ್ಟನ್ನು ಬಿಟ್ಟರೆ ಸಾಕು, ಉಳಿದದ್ದು ವಿದ್ಯುತ್ತಿಗೆ ಎಂದು 1950ರಲ್ಲೇ ಅಮೆರಿಕ, ಕೆನಡಾ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡಿವೆ.