ಅಡಿಕೆ ತೂಕದ ಮೊತ್ತ ಸೊನ್ನೆ ಬರುತ್ತಿರುವ ಬಗ್ಗೆ

ನಮಸ್ಕಾರ. ತೀರ್ಥಹಳ್ಳಿಯ ನಿಮ್ಮ ತೋಟದ ಅಡಿಕೆ ಮೂಟೆಗಳ ತೂಕವನ್ನು ಎಕ್ಸೆಲ್‌ನಲ್ಲಿ ‘48 ಕೆಜಿ’, ‘65 ಕೆಜಿ’ ಎಂದು ಬರೆದು ಕೆಳಗೆ ಸಮ್ ಸೂತ್ರ ಹಾಕಿದರೆ ಸೊನ್ನೆಯೇ ಬರುತ್ತದೆ ಎಂದಿದ್ದೀರಿ. ಸೂತ್ರದಲ್ಲಿ ತಪ್ಪಿಲ್ಲ. ಅಂಕಿಯ ಜೊತೆಗೆ ಅಕ್ಷರ ಸೇರಿದ ಕೂಡಲೇ ಆ ಕೋಶದಲ್ಲಿ (ಸೆಲ್) ಇರುವುದು ಸಂಖ್ಯೆಯಾಗಿ ಉಳಿಯದೆ ಬರಿಯ ಪಠ್ಯವಾಗುತ್ತದೆ, ಸಮ್ ಪಠ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವಾಗಿ ಜೋಡಣೆ ಬದಲಿಸಿರದಿದ್ದರೆ ಸಂಖ್ಯೆ ಕೋಶದ ಬಲಕ್ಕೂ ಪಠ್ಯ ಎಡಕ್ಕೂ ನಿಲ್ಲುತ್ತದೆ. ಈ ಒಂದು ಗುರುತು ಎಷ್ಟೋ ತಪ್ಪುಗಳನ್ನು ಮೊದಲೇ ತೋರಿಸಿಕೊಡುತ್ತದೆ.

ಈಗಾಗಲೇ ಬರೆದದ್ದನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ತೂಕದ ಕಾಲಂ ಆಯ್ದುಕೊಂಡು, ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಹುಡುಕುವ ಜಾಗದಲ್ಲಿ ಕೆಜಿಗೆ ಮೊದಲು ಬರುವ ಖಾಲಿ ಜಾಗವೂ (ಸ್ಪೇಸ್) ಸೇರಿದಂತೆ ‘ ಕೆಜಿ’ ಎಂದು ಬರೆದು, ಬದಲಿಸುವ ಜಾಗವನ್ನು ಖಾಲಿ ಬಿಟ್ಟು ಎಲ್ಲವನ್ನೂ ಬದಲಿಸಿರಿ. ಕೆಜಿ ಎಂಬುದು ಕಾಲಮ್ಮಿನ ತಲೆಬರಹದಲ್ಲಿದ್ದರೆ ಸಾಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು. ಶಿವಮೊಗ್ಗ ಮಂಡಿಯಲ್ಲಿ ಧಾರಣೆ ಕ್ವಿಂಟಾಲಿಗೆ, ನಿಮ್ಮ ತೂಕವೋ ಕಿಲೋದಲ್ಲಿ. ಆದ್ದರಿಂದ ತೂಕ ಸಿ ಕಾಲಮ್ಮಿನಲ್ಲೂ ಧಾರಣೆ ಡಿ ಕಾಲಮ್ಮಿನಲ್ಲೂ ಇದ್ದರೆ, ಎರಡನೆಯ ಸಾಲಿನ ಸೂತ್ರ ‘=ಸಿ2*ಡಿ2/100’ ಎಂದಿರಬೇಕು (ಕಾಲಮ್ಮಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿರಿ). ಆ ಕೋಶದ ಬಲ ಕೆಳಮೂಲೆಯ ಚಿಕ್ಕ ಚೌಕವನ್ನು ಹಿಡಿದು ಕೆಳಗೆ ಎಳೆದರೆ ಪ್ರತಿ ಸಾಲಿಗೂ ಸೂತ್ರ ತಾನೇ ಹೊಂದಿಕೊಳ್ಳುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳ ಹೆಸರನ್ನು ಇನ್ನೊಂದು ಕಾಲಮ್ಮಿನಲ್ಲಿ ಒಂದೇ ಕಾಗುಣಿತದಲ್ಲಿ ಬರೆದಿಟ್ಟರೆ, ಸಮ್‌ಇಫ್ ಸೂತ್ರದಿಂದ ಬಗೆವಾರು ಮೊತ್ತವೂ ಸಿಗುತ್ತದೆ.